ವೃದ್ಧಾಶ್ರಮದಾಗ ಮುತ್ಯಾ-ಮುತ್ಯಾ ಹೊಡೆದಾಡಿದ್ರ ತಪ್ಪು ಯಾರದು?

ಕಲಬುರಗಿ: ಫೋನ್ ಬರೋದು ಹೆಚ್ಚಾಗಿ ರಾತ್ರಿ ಹೊತ್ತು. "ನಿಮ್ಮ ತಂದೆಯವರು ಬಾತ್‌ರೂಮಿನ್ಯಾಗ ಬಿದ್ದಾರ್ರಿ. ಸ್ವಲ್ಪ ಪೆಟ್ಟಾಗೇದ, ಗಾಬರಿ ಆಗಬ್ಯಾಡ್ರಿ, ನಾಳೆ ಬಂದ್ರ ಸಾಕು." ಮರುದಿನ ಮಗ ಅಂಗಡಿ ಶಟರ್ ಎಳೆದು ವೃದ್ಧಾಶ್ರಮಕ್ಕೆ ಹೋದರೆ ಅಪ್ಪನ ಹಣೆಗೆ ಬ್ಯಾಂಡೇಜ್. "ನಾ ಬಿದ್ದಿಲ್ಲೋ, ಬಾಜೂ ಮಂಚದಾಂವ ನೂಕ್ಯಾನ" ಅಂತಾನೆ ಅಪ್ಪ. "ಅವರಿಗೆ ನೆನಪ ಇರಂಗಿಲ್ರಿ, ಏನೇನೋ ಅಂತಾರ" ಅಂತಾರೆ ನೋಡಿಕೊಳ್ಳುವವರು. ಯಾರನ್ನು ನಂಬಬೇಕೋ ಮಗನಿಗೆ ತಿಳಿಯುವುದಿಲ್ಲ. ಕೊನೆಗೆ ಎರಡರಲ್ಲಿ ಒಂದು ಆಗುತ್ತದೆ. ಒಂದೋ ಮಾತು ಅಲ್ಲಿಗೇ ಮುಚ್ಚಿಹೋಗುತ್ತದೆ, ಇಲ್ಲಾಂದ್ರೆ ನೂಕಿದ ಮುತ್ಯಾನ ಮನೆಯವರಿಗೆ "ನಿಮ್ಮವರನ್ನ ಕರಕೊಂಡು ಹೋಗ್ರಿ" ಎಂಬ ಇನ್ನೊಂದು ಫೋನ್ ಹೋಗುತ್ತದೆ.

ಹಿರಿಯರ ಮೇಲೆ ದೌರ್ಜನ್ಯ ಅಂದ ಕೂಡಲೇ ನೆನಪಾಗುವುದು ಮಗ, ಸೊಸೆ, ಆಸ್ತಿ ಜಗಳ. ಅದು ಬಿಟ್ಟರೆ ಆಶ್ರಮದ ಸಿಬ್ಬಂದಿ ಬೈದರು, ಹೊಡೆದರು ಎಂಬ ದೂರು. ಒಂದೇ ಸೂರಿನಡಿ ಮಲಗುವ ಇಬ್ಬರು ಹಿರಿಯರ ನಡುವಿನ ಹೊಡೆದಾಟ ಈ ಯಾವ ಲೆಕ್ಕಕ್ಕೂ ಬರುವುದಿಲ್ಲ. "ವಯಸ್ಸಾದವರು, ಮಕ್ಕಳಂಗ ಜಗಳ ಆಡ್ತಾರ" ಎಂದು ನಕ್ಕು ಬಿಡುವವರೇ ಹೆಚ್ಚು. ಆದರೆ ಮಕ್ಕಳು ಬಿದ್ದರೆ ಮೊಣಕಾಲು ತರಚುತ್ತದೆ, ಎಂಬತ್ತರ ಆಯಿ ಬಿದ್ದರೆ ತೊಡೆಯ ಮೂಳೆ ಮುರಿಯುತ್ತದೆ. ಆಮೇಲೆ ಎಷ್ಟೋ ಮಂದಿ ಎದ್ದು ಓಡಾಡುವುದೇ ಇಲ್ಲ.

ಬೇರೆ ದೇಶಗಳಲ್ಲಿ ಇದನ್ನು ಲೆಕ್ಕ ಹಾಕಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮಾರ್ಕ್ ಲ್ಯಾಕ್ಸ್, ಕಾರ್ಲ್ ಪಿಲೆಮರ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ 10 ನರ್ಸಿಂಗ್ ಹೋಮ್‌ಗಳಲ್ಲಿದ್ದ 2,000ಕ್ಕೂ ಹೆಚ್ಚು ನಿವಾಸಿಗಳನ್ನು ಗಮನಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಕೇವಲ ನಾಲ್ಕು ವಾರಗಳಲ್ಲಿ ಐವರಲ್ಲಿ ಒಬ್ಬರು ಇನ್ನೊಬ್ಬ ನಿವಾಸಿಯ ಜೊತೆ ಇಂಥ ಒಂದಾದರೂ ಘಟನೆಯಲ್ಲಿ ಸಿಕ್ಕಿಬಿದ್ದಿದ್ದರು. ಇದರಲ್ಲಿ ಬೈಗುಳ, ಕಿರುಚಾಟವೇ ಜಾಸ್ತಿ. ಹೊಡೆತ, ನೂಕಾಟ ಅದಕ್ಕಿಂತ ಕಡಿಮೆ. ಬೇರೆಯವರ ಕೋಣೆಗೆ ನುಗ್ಗುವುದು, ಸಾಮಾನು ತೆಗೆಯುವುದು, ಅಸಭ್ಯವಾಗಿ ಮುಟ್ಟುವುದು ಕೂಡ ಲೆಕ್ಕಕ್ಕೆ ಸೇರಿತ್ತು. ಅಷ್ಟೇನೂ ಕಾಯಿಲೆ ಇಲ್ಲದವರು ಇರುವ ಮನೆಗಳಲ್ಲಿ ಇದೇ ತಂಡದವರು 900ಕ್ಕೂ ಹೆಚ್ಚು ಮಂದಿಯನ್ನು ನೋಡಿ 2024ರಲ್ಲಿ ಪ್ರಕಟಿಸಿದ ಲೆಕ್ಕದಲ್ಲೂ ಒಂದು ತಿಂಗಳಿಗೆ ಶೇ 15ರಷ್ಟು ಮಂದಿ ಇದಕ್ಕೆ ಸಿಕ್ಕಿದ್ದರು. ಅಂದರೆ ಇದು ಯಾವುದೋ ಕೆಟ್ಟ ಆಶ್ರಮದ ಕಥೆಯಲ್ಲ. ಸಾಕಷ್ಟು ದುಡ್ಡು, ನರ್ಸ್, ಕ್ಯಾಮೆರಾ ಎಲ್ಲ ಇದ್ದ ಕಡೆಯೂ ಆಗುವಂಥದ್ದು.

ಒಂದು ಕೋಣೆ, ಎರಡು ಮಂಚ

ಹೀಗೆ ಅಂದುಕೊಳ್ಳಿ. ಶರಣಸಿರಸಗಿಯ ಒಬ್ಬ ರೈತ, ವಯಸ್ಸು 76. ಜೀವನಪೂರ್ತಿ ನಸುಕಿನ ನಾಲ್ಕಕ್ಕೆ ಎದ್ದು ಎತ್ತಿಗೆ ಮೇವು ಹಾಕಿದವರು. ಹೆಂಡತಿ ತೀರಿಹೋದ ಮೇಲೆ, ಮಕ್ಕಳು ಪುಣೆ, ಬೆಂಗಳೂರು ಸೇರಿದ ಮೇಲೆ ನಗರದ ಒಂದು ಆಶ್ರಮಕ್ಕೆ ಬಂದಿದ್ದಾರೆ. ಎರಡು ವರ್ಷದಿಂದ ಮರೆವು. ಬಾಜೂ ಮಂಚದಲ್ಲಿ ಹಿಂದೆ ಎಂಎಸ್‌ಕೆ ಮಿಲ್‌ನಲ್ಲಿ ದುಡಿದ ಇನ್ನೊಬ್ಬ ಹಿರಿಯರು. ರಾತ್ರಿಪಾಳಿ ಮಾಡಿದ ಶರೀರ, ನಸುಕಿನಲ್ಲೇ ಅವರಿಗೆ ನಿದ್ದೆ ಹತ್ತುವುದು. ಕಣ್ಣಿಗೆ ಪೊರೆ, ಕಿವಿ ಮಂದ.

ನಾಲ್ಕು ಗಂಟೆಗೆ ರೈತ ಮುತ್ಯಾ ಎದ್ದು ಕತ್ತಲಲ್ಲಿ ಎತ್ತು ಹುಡುಕುತ್ತಾರೆ. ಕೈಗೆ ಸಿಕ್ಕಿದ್ದು ಬಾಜೂ ಮಂಚದ ಚಾದರ. ಎಳೆಯುತ್ತಾರೆ. ಮಿಲ್ ಮುತ್ಯಾಗೆ ಎಚ್ಚರವಾದಾಗ ಕಾಣುವುದು ತಲೆಯ ಮೇಲೆ ಬಾಗಿದ ಒಂದು ನೆರಳು. ಕಳ್ಳ ಅಂದುಕೊಂಡು ಕೈ ಬೀಸುತ್ತಾರೆ. ಏಟು ತಿಂದ ರೈತ ಮುತ್ಯಾ, ತಮ್ಮ ಕೊಟ್ಟಿಗೆಯಲ್ಲಿ ಯಾರೋ ಮಲಗಿಕೊಂಡು ತಮಗೇ ಹೊಡೆಯುತ್ತಿದ್ದಾನೆ ಎಂದು ತಿರುಗಿ ನೂಕುತ್ತಾರೆ. ಮೂವತ್ತು ಸೆಕೆಂಡಿನ ಕೆಲಸ. ಒಬ್ಬರು ನೆಲದ ಮೇಲೆ.

ಬೆಳಿಗ್ಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ "ಮೊದಲ ಯಾರ ಕೈ ಮಾಡಿದ್ರು?" ಈ ಪ್ರಶ್ನೆಗೆ ಉತ್ತರ ಸಿಕ್ಕರೂ ಏನೂ ಪ್ರಯೋಜನವಿಲ್ಲ. ಒಬ್ಬರು ಎತ್ತು ಹುಡುಕುತ್ತಿದ್ದರು, ಇನ್ನೊಬ್ಬರು ಕಳ್ಳನನ್ನು ಓಡಿಸುತ್ತಿದ್ದರು. ಅವರವರ ಮನಸ್ಸಿನೊಳಗೆ ಇಬ್ಬರೂ ಸರಿ. ಕೇಳಬೇಕಾದ ಪ್ರಶ್ನೆ ಬೇರೆ: ಹೊಡೆತಕ್ಕಿಂತ ಸ್ವಲ್ಪ ಮುಂಚೆ ಏನಾಯಿತು? ಎಷ್ಟು ಗಂಟೆಗೆ, ಎಲ್ಲಿ? ದೀಪ ಇತ್ತೋ ಇಲ್ಲವೋ? ನಾಲ್ಕಕ್ಕೆ ಏಳುವ ಮನುಷ್ಯ ಅಂತ ಗೊತ್ತಿದ್ದರೆ ಆ ಹೊತ್ತಿಗೆ ಒಂದು ಲೋಟ ಚಹಾ, ಒಂದು ಸಣ್ಣ ದೀಪ, ಅಂಗಳದಲ್ಲಿ ಎರಡು ಸುತ್ತು. ಅಷ್ಟರಲ್ಲಿ ಈ ಜಗಳ ಹುಟ್ಟುತ್ತಲೇ ಇರಲಿಲ್ಲ.

ಮರೆವು ಅಂದರೆ ಬರೀ ಮರೆಯುವುದಲ್ಲ

ಡಿಮೆನ್ಷಿಯಾ ಎಂಬ ಪದ ಈಗ ಊರಲ್ಲೂ ಕೇಳುತ್ತದೆ. ಅದನ್ನು "ಅರಳು ಮರಳು" ಎಂದು ಹಗುರ ಮಾಡುವುದೂ ಉಂಟು. ದೇಶದ ಹಿರಿಯರ ದೊಡ್ಡ ಅಧ್ಯಯನವಾದ ಲಾಸಿಯ ಭಾಗವಾಗಿ ನಡೆದ ಸಮೀಕ್ಷೆಯ ಪ್ರಕಾರ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ. ಇದು ಮನೆಗಳಲ್ಲಿ ಇರುವವರ ಲೆಕ್ಕ. ಮನೆಯಲ್ಲಿ ನಿಭಾಯಿಸಲಾಗದೆ ಆಶ್ರಮಕ್ಕೆ ಕಳಿಸುವಾಗ ಮೊದಲು ಹೋಗುವವರೂ ಇಂಥವರೇ ಆದ್ದರಿಂದ ಅಲ್ಲಿ ಇವರ ಪಾಲು ಹೆಚ್ಚಿರುವುದು ಸಹಜ.

ಈ ಕಾಯಿಲೆ ಹೆಸರು, ದಿನಾಂಕ ಮಾತ್ರ ಅಳಿಸುವುದಿಲ್ಲ. ಎದುರಿನ ಮುಖ ಯಾರದು, ಈ ಮಂಚ ಯಾರದು, ಅವನು ನಕ್ಕಿದ್ದು ಪ್ರೀತಿಗೋ ಅಣಕಕ್ಕೋ ಎಂದು ತೂಗುವ ಶಕ್ತಿಯನ್ನೂ ತಿನ್ನುತ್ತದೆ. ಸಿಟ್ಟು ಬಂದಾಗ ಕೈ ಹಿಡಿದು ನಿಲ್ಲಿಸುವ ಮಿದುಳಿನ ಬ್ರೇಕ್ ಕೂಡ ಸವೆಯುತ್ತದೆ. ಸಂಜೆ ಐದರ ಮೇಲೆ ಅನೇಕರಿಗೆ ತಳಮಳ ಹೆಚ್ಚು. ದನ ಮನೆಗೆ ಬರುವ ಹೊತ್ತು, ಒಲೆ ಹಚ್ಚುವ ಹೊತ್ತು. "ನಾ ಮನಿಗಿ ಹೋಗಬೇಕು" ಎಂದು ಬಾಗಿಲ ಬಳಿ ನಿಲ್ಲುತ್ತಾರೆ, ದಾರಿಗೆ ಅಡ್ಡ ಬಂದವರ ಮೇಲೆ ಹರಿಹಾಯುತ್ತಾರೆ. ವೈದ್ಯರು ಇದನ್ನು ಸಂಡೌನಿಂಗ್ ಅಂತಾರೆ.

ಭಾಷೆಯದ್ದೂ ಒಂದು ಪಾತ್ರ ಇದೆ. ಕಲಬುರಗಿಯ ಆಶ್ರಮವೆಂದರೆ ಕನ್ನಡ ಒಂದೇ ಅಲ್ಲ, ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲ ಇರಬಹುದು. ಕಮಲಾಪುರ ಕಡೆಯ ತಾಂಡಾದ ಒಬ್ಬ ಆಯಿ ಸಂತೆಯಲ್ಲಿ ಐವತ್ತು ವರ್ಷ ಕನ್ನಡ ಮಾತಾಡಿರಬಹುದು. ಮರೆವು ಹೆಚ್ಚಾದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ತಾಯಿಯಿಂದ ಬಂದದ್ದು ಕೊನೆವರೆಗೂ ಉಳಿಯುತ್ತದೆ. ಆಕೆ ನೀರು ಕೇಳಿದ್ದು ಬಾಜೂ ಮಂಚದವರಿಗೆ ಬೈದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಮತ್ತೊಂದು ಮಾತು ಮನೆಯವರೂ ಸಿಬ್ಬಂದಿಯೂ ನೆನಪಿಡಬೇಕಾದದ್ದು. ನಿನ್ನೆವರೆಗೆ ತಣ್ಣಗಿದ್ದ ಮುತ್ಯಾ ಇವತ್ತು ಇದ್ದಕ್ಕಿದ್ದಂತೆ ಕೈ ಎತ್ತಿದರೆ ಅದು ಸ್ವಭಾವವಲ್ಲ, ಶರೀರದ ದೂರು. ಮೂತ್ರದ ಸೋಂಕು, ನಾಲ್ಕು ದಿನದ ಮಲಬದ್ಧತೆ, ಹಲ್ಲುನೋವು, ಹೊಸ ಮಾತ್ರೆ, ನೀರಿನ ಕೊರತೆ. ಹೇಳಲು ಮಾತು ಬಾರದವರ ನೋವು ಕೈಯಲ್ಲಿ ಬರುತ್ತದೆ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಉಷ್ಣಾಂಶ 42-43 ಡಿಗ್ರಿ ಮುಟ್ಟುತ್ತದೆ. ಮೂತ್ರಕ್ಕೆ ಪದೇ ಪದೇ ಏಳಬೇಕಾಗುತ್ತದೆ ಎಂದು ಹಿರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಎರಡು ದಿನದಲ್ಲಿ ತಲೆ ಕೆಟ್ಟಂತೆ ಆಡುತ್ತಾರೆ. ಇಂಥವರನ್ನು ಮೊದಲು ಒಯ್ಯಬೇಕಾದದ್ದು ಡಾಕ್ಟರ್ ಹತ್ತಿರ, ರಕ್ತ-ಮೂತ್ರ ಪರೀಕ್ಷೆಗೆ. ಬೈಗುಳ ಆಮೇಲೆಯೂ ಇರಲಿ, ಬೇಡವೂ ಬೇಡ.

ಫ್ಯಾನ್, ಖುರ್ಚಿ, ಚಾದರ

ಹಾಗಂತ ಎಲ್ಲ ಜಗಳವೂ ಮರೆವಿನದಲ್ಲ. ಬುದ್ಧಿ ಚೆನ್ನಾಗಿರುವ ಹಿರಿಯರೂ ಜಗಳವಾಡುತ್ತಾರೆ, ಅದಕ್ಕೆ ಕಾರಣ ಇರುತ್ತದೆ. ಐವತ್ತು ವರ್ಷ ತನ್ನ ಮನೆಯ ಯಜಮಾನನಾಗಿದ್ದವನಿಗೆ ಈಗ ತನ್ನದು ಎನ್ನಲು ಉಳಿದದ್ದು ಒಂದು ಮಂಚ, ಒಂದು ಟ್ರಂಕು, ಟಿವಿ ಮುಂದಿನ ಒಂದು ಖುರ್ಚಿ. ಆ ಖುರ್ಚಿಯಲ್ಲಿ ಇನ್ನೊಬ್ಬ ಕೂತರೆ ಹೊರಗಿನವರಿಗೆ ಅದು ಖುರ್ಚಿ ಜಗಳ. ಅವನಿಗೆ ಹಾಗಲ್ಲ.

ಬೇಸಿಗೆಯಲ್ಲಿ ಫ್ಯಾನ್ ಕೆಳಗಿನ ಮಂಚ ಯಾರದು ಎಂಬುದು ಕಲಬುರಗಿಯಲ್ಲಿ ಸಣ್ಣ ವಿಷಯವಲ್ಲ. ಒಬ್ಬರಿಗೆ ಫ್ಯಾನ್ ಐದರಲ್ಲಿ ಬೇಕು, ಸಂಧಿವಾತ ಇದ್ದವರಿಗೆ ಎರಡರಲ್ಲೇ ಕೈಕಾಲು ಹಿಡಿಯುತ್ತದೆ. ಆರು ಮಂಚಕ್ಕೆ ಒಂದು ಫ್ಯಾನ್ ಇದ್ದರೆ ಜಗಳ ಗೋಡೆಯಲ್ಲೇ ಕಟ್ಟಿಟ್ಟಂತೆ. ಒಂದೇ ಬಚ್ಚಲು, ಬೆಳಗಿನ ಸಾಲು, ಒಬ್ಬರ ಗೊರಕೆ, ಒಬ್ಬರ ರಾತ್ರಿಯಿಡೀ ಭಜನೆ. ಇವೆಲ್ಲ ಬೆಂಕಿಪೆಟ್ಟಿಗೆ.

ಇಲ್ಲಿ ಅಂಗಡಿ-ವ್ಯಾಪಾರದವರಿಗೂ ಒಂದು ಮಾತಿದೆ. ಮಗನ ಹುಟ್ಟುಹಬ್ಬ, ತಂದೆಯ ಪುಣ್ಯತಿಥಿ ಎಂದು ವೃದ್ಧಾಶ್ರಮಕ್ಕೆ ಊಟ, ಚಾದರ ಕೊಡುವ ಒಳ್ಳೆಯ ರೂಢಿ ನಮ್ಮಲ್ಲಿದೆ. ಹೋಲ್‌ಸೇಲ್‌ನಲ್ಲಿ ನಲವತ್ತು ಚಾದರ, ಎಲ್ಲ ಒಂದೇ ಬಣ್ಣ, ಫೋಟೋಗೂ ಚಂದ ಕಾಣುತ್ತದೆ. ಆದರೆ ಮರೆವಿನವರು ಇರುವ ಕೋಣೆಯಲ್ಲಿ ಒಂದೇ ಬಣ್ಣದ ನಲವತ್ತು ಚಾದರ ಅಂದರೆ ನಲವತ್ತು ಸಲ "ಇದು ನಂದು" ಎಂಬ ತಕರಾರು. ಒಂದೇ ಥರದ ಸ್ಟೀಲ್ ಲೋಟ, ಒಂದೇ ಥರದ ಚಪ್ಪಲಿಯದ್ದೂ ಇದೇ ಕಥೆ. ಬೇರೆ ಬೇರೆ ಬಣ್ಣದ್ದು ಕೊಡ್ರಿ, ಮೂಲೆಗೆ ಹೆಸರು ಹೊಲಿಸಿ ಕೊಡ್ರಿ. ಓದು ಬಾರದವರಿಗೆ ಒಂದು ಚಿತ್ರ, ಎತ್ತಿನದೋ ಹೂವಿನದೋ. ಊಟದ ಬದಲು ಒಂದು ಸಲ ರಾತ್ರಿ ಹಚ್ಚುವ ಸಣ್ಣ ಎಲ್‌ಇಡಿ ದೀಪ, ಬಚ್ಚಲಿಗೆ ಹಿಡಿಕೆ, ಇನ್ನೊಂದು ಟೇಬಲ್ ಫ್ಯಾನ್, ಶ್ರವಣಯಂತ್ರದ ಸೆಲ್ ಕೊಟ್ಟರೆ ಅದು ವರ್ಷಪೂರ್ತಿ ಕೆಲಸ ಮಾಡುತ್ತದೆ. ಸಂಜೆ ಐದಕ್ಕೆ ಮೈಕ್ ಹಚ್ಚಿ ಮೂವತ್ತು ಜನ ಒಳಗೆ ನುಗ್ಗಿ ಕೇಕ್ ಕತ್ತರಿಸುವ ಕಾರ್ಯಕ್ರಮವನ್ನು ಬೆಳಿಗ್ಗೆಗೆ ಬದಲಿಸಿದರೂ ಸಾಕು. ಆ ಗದ್ದಲದ ಬಿಲ್ಲು ರಾತ್ರಿ ಸಿಬ್ಬಂದಿಗೆ ಬರುತ್ತದೆ.

ಜಾತಿಯ ಮಾತು ಬೇರೆ. "ಅವರ ಬಾಜೂಕ ಕೂತು ಉಣ್ಣಂಗಿಲ್ಲ" ಎನ್ನುವುದನ್ನು, ಕುಲದ ಹೆಸರು ಹಿಡಿದು ಬೈಯುವುದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿರುವಂತಿಲ್ಲ. ಬುದ್ಧಿ ಸರಿ ಇದ್ದು ಮಾಡಿದ ಅವಮಾನಕ್ಕೆ ಕಾನೂನು ಇದೆ. ಮರೆವಿನಲ್ಲಿ ಆಡಿದ್ದಾದರೂ ಕೇಳಿಸಿಕೊಂಡವರಿಗೆ ನೋವು ನೋವೇ. ಅಂಥವರನ್ನು ದಿನಾ ಅದೇ ಪಂಕ್ತಿಯಲ್ಲಿ ಕೂರಿಸುವುದು ಆಡಳಿತದ ತಪ್ಪು. ಹೆಣ್ಣುಮಕ್ಕಳ ಕೋಣೆಗೆ ಗಂಡಸರು ನುಗ್ಗುವುದೂ ಅಷ್ಟೇ. "ಪಾಪ, ತಿಳಿಯಂಗಿಲ್ಲ" ಎಂಬ ಮಾತು ಆ ಆಯಿಯ ಕೋಣೆಗೆ ಚಿಲಕವಾಗುವುದಿಲ್ಲ.

ನೂಕಿದ ಒಂದು ಕೈ

ಇದರಲ್ಲಿ ಜೀವವೂ ಹೋಗುತ್ತದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು 2000ದಿಂದ 2013ರವರೆಗಿನ ಮರಣ ವಿಚಾರಣೆಯ ಕಡತಗಳನ್ನು ತೆಗೆದು ನೋಡಿದಾಗ, ನಿವಾಸಿ ನಿವಾಸಿಯ ನಡುವಿನ ಘಟನೆಯಿಂದಲೇ 28 ಸಾವು ಸಂಭವಿಸಿದ್ದು ಕಂಡುಬಂತು. ಇದರಲ್ಲಿ ಸಿಕ್ಕವರಲ್ಲಿ ಶೇ 90ರ ಹತ್ತಿರದ ಮಂದಿಗೆ ಡಿಮೆನ್ಷಿಯಾ ಇತ್ತು. ಕತ್ತಿ-ದೊಣ್ಣೆಯ ಕಥೆಗಳಲ್ಲ ಇವು, ಹೆಚ್ಚಿನವು ಒಂದು ನೂಕು, ಒಂದು ಬೀಳು. ಅಮೆರಿಕದ ಐಲಾನ್ ಕಾಸ್ಪಿ ಎಂಬ ಸಂಶೋಧಕ ಅಮೆರಿಕ-ಕೆನಡಾದ ಇಂಥ 105 ಸಾವುಗಳನ್ನು ಪರಿಶೀಲಿಸಿದಾಗ ಅರ್ಧಕ್ಕಿಂತ ಹೆಚ್ಚು ಘಟನೆ ಮಲಗುವ ಕೋಣೆಯೊಳಗೇ ಆಗಿದ್ದವು. ಹೆಚ್ಚಿನವು ಸಿಬ್ಬಂದಿ ಕಣ್ಣಿಗೇ ಬಿದ್ದಿರಲಿಲ್ಲ.

ಆಸ್ಟ್ರೇಲಿಯಾದ ಕಡತಗಳು ಹೇಳುವ ಇನ್ನೊಂದು ಸಂಗತಿ ಇಲ್ಲಿಯ ಮನೆಯವರಿಗೂ ಮುಟ್ಟಬೇಕು. ಇಂಥವರಲ್ಲಿ ಬಹಳ ಮಂದಿ ಮೊದಲೇ ಅಲೆಯುವುದು, ಸಿಡುಕುವುದು, ಕೈ ಮಾಡುವುದು ಮಾಡಿದ್ದರು. ಸೂಚನೆ ಇತ್ತು. ನಮ್ಮಲ್ಲಿ ಆ ಸೂಚನೆಯನ್ನು ಮುಚ್ಚಿಡುವುದು ಮನೆಯವರೇ. ಅಪ್ಪ ಮನೆಯಲ್ಲಿ ಸೊಸೆಗೆ ತಂಬಿಗೆ ಎಸೆದದ್ದು, ಮೊಮ್ಮಗನ ಕುತ್ತಿಗೆ ಹಿಡಿದದ್ದು ಹೇಳಿದರೆ ಆಶ್ರಮದವರು ಸೇರಿಸಿಕೊಳ್ಳಲಿಕ್ಕಿಲ್ಲ ಎಂಬ ಹೆದರಿಕೆ. ಜೊತೆಗೆ ನಾಚಿಕೆ. "ಅಪ್ಪ ಭಾಳ ಶಾಂತ ಇದ್ದಾರ್ರಿ, ಸ್ವಲ್ಪ ಮರೆವು ಅಷ್ಟೇ" ಎಂದು ಬಿಟ್ಟು ಬರುತ್ತಾರೆ. ಮನೆಯವರ ಆ ಸಂಕಟ ಸುಳ್ಳಲ್ಲ. ಆದರೆ ಆ ರಾತ್ರಿ ಬಾಜೂ ಮಂಚದಲ್ಲಿ ಮಲಗುವವನು ಯಾರದೋ ಅಪ್ಪ, ಅವನಿಗೆ ಯಾರೂ ಹೇಳಿರುವುದಿಲ್ಲ.

ಆಶ್ರಮದ ಕಡೆಯಿಂದ ಮುಚ್ಚಿಡುವುದು "ಬಿದ್ದರು" ಎಂಬ ಪದದಲ್ಲಿ. ರಿಜಿಸ್ಟರ್‌ನಲ್ಲಿ ನೂಕಿದ್ದೂ ಬಿದ್ದದ್ದೇ, ಜಾರಿದ್ದೂ ಬಿದ್ದದ್ದೇ ಎಂದು ಬರೆದರೆ ಮುಂದಿನ ಸಲ ತಡೆಯಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೂರು ವಾರ ಸರಿಯಾಗಿ ಬರೆದಿಟ್ಟರೆ ಸಾಕು, ಎಲ್ಲ ಗಲಾಟೆಯೂ ಸಂಜೆ ಆರರಿಂದ ಎಂಟರೊಳಗೆ, ಊಟದ ಕೋಣೆಯ ಬಾಗಿಲಲ್ಲೇ ಆಗುತ್ತಿದೆ ಎಂಬಂಥ ಸಂಗತಿ ತಾನೇ ಹೊರಬೀಳುತ್ತದೆ. ಆಗ ಊಟವನ್ನು ಎರಡು ಪಂಕ್ತಿ ಮಾಡಿದರೆ ಮುಗಿಯಿತು. ಇದಕ್ಕೆ ಖರ್ಚು ನೂರು ಹಾಳೆಯ ಒಂದು ನೋಟ್‌ಬುಕ್.

ಕಟ್ಟಿಹಾಕಿದ್ರ ಆಯ್ತಲ್ಲ?

ಆಗುವುದಿಲ್ಲ. ಹೊಡೆಯುವವರನ್ನು ಹಗ್ಗದಿಂದ ಮಂಚಕ್ಕೆ ಕಟ್ಟುವುದು, ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕುವುದು, ನಿದ್ದೆ ಮಾತ್ರೆ ಕೊಟ್ಟು ಮಲಗಿಸುವುದು. ಸುಲಭವಾಗಿ ಕಾಣುವ ಈ ಮೂರೂ ಅಪಾಯದ ದಾರಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಮಾನಸಿಕ ಕಾಯಿಲೆ ಎಂದರೆ ನೆನಪು ಮತ್ತು ದಿಕ್ಕು ತಪ್ಪುವ ತೀವ್ರ ತೊಂದರೆಯೂ ಸೇರುತ್ತದೆ. ಸರಪಳಿ ಹಾಕುವುದನ್ನು ಆ ಕಾಯ್ದೆಯ 95ನೇ ಕಲಂ ಪೂರ್ತಿ ನಿಷೇಧಿಸಿದೆ. ಕಟ್ಟಿಹಾಕುವುದು ತಕ್ಷಣದ ಹಾನಿ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಮನೋವೈದ್ಯರ ಅನುಮತಿಯ ಮೇಲೆ ಮಾತ್ರ ಎಂದು 97ನೇ ಕಲಂ ಹೇಳುತ್ತದೆ. ಶಿಕ್ಷೆಯಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಕಡಿಮೆ ಇದ್ದಾರೆ ಎಂದೂ ಕಟ್ಟುವಂತಿಲ್ಲ.

ಮಾತ್ರೆ ಬಗ್ಗೆಯೂ ಎಚ್ಚರ ಬೇಕು. ಉದ್ರೇಕ ತಗ್ಗಿಸಲು ಕೊಡುವ ಮನೋರೋಗದ ಔಷಧಿಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಕೆಲವರಿಗೆ ಅವು ಬೇಕೇ ಬೇಕಾಗುತ್ತವೆ, ಆದರೆ ಮನೋವೈದ್ಯರು ನೋಡಿ, ಸಣ್ಣ ಪ್ರಮಾಣದಲ್ಲಿ, ಕೆಲವು ವಾರ. ಮೆಡಿಕಲ್ ಅಂಗಡಿಯಲ್ಲಿ "ಮುತ್ಯಾಗ ನಿದ್ದಿ ಗುಳಗಿ ಕೊಡ್ರಿ" ಎಂದು ಕೇಳಿ ತರುವ ವಸ್ತು ಅಲ್ಲ ಅದು. ಅರೆನಿದ್ದೆಯಲ್ಲಿ ಎದ್ದವರು ಬೀಳುವುದೇ ಹೆಚ್ಚು.

ಜಗಳ ನಡೆಯುತ್ತಿರುವಾಗ ಏನು ಮಾಡಬೇಕು ಎಂಬುದು ಕೇರ್‌ಟೇಕರ್ ಕೆಲಸಕ್ಕೆ ಹೋಗುವ ನಮ್ಮ ಹುಡುಗ-ಹುಡುಗಿಯರಿಗೆ ಬಹಳ ಕಡೆ ಯಾರೂ ಕಲಿಸುವುದಿಲ್ಲ. ಹಿಂದಿನಿಂದ ಹಿಡಿದೆಳೆಯಬಾರದು, ಇನ್ನೊಬ್ಬ ಶತ್ರು ಬಂದ ಅನ್ನಿಸುತ್ತದೆ. ಪಕ್ಕದಿಂದ ಬಂದು, ಕಣ್ಣಿಗೆ ಕಾಣುವಂತೆ ನಿಂತು, ಅವರಿಗೆ ರೂಢಿಯಾದ ಹೆಸರಿನಿಂದ ಕರೆಯಬೇಕು. "ಗೌಡ್ರೆ, ಬರ್ರಿ, ಚಾ ಆಗೇದ" ಎಂಬ ಮಾತು ಎಷ್ಟೋ ಹೊಡೆದಾಟ ನಿಲ್ಲಿಸುತ್ತದೆ. ವಾದ ಮಾಡಿ "ಅದು ನಿಮ್ಮ ಮಂಚ ಅಲ್ಲ" ಎಂದು ಸಾಧಿಸುವ ಹೊತ್ತಲ್ಲ ಅದು. ಕಡಿಮೆ ಸಿಟ್ಟಿನಲ್ಲಿ ಇರುವವರನ್ನು ಮೊದಲು ದೂರ ಕರೆದೊಯ್ಯಬೇಕು. ಆಮೇಲೆ ಇಬ್ಬರ ಮೈಯನ್ನೂ ನೋಡಬೇಕು, ಹೊಡೆದವರದ್ದೂ. ತಲೆಗೆ ಪೆಟ್ಟು ಬಿದ್ದಿದ್ದರೆ, ಅದರಲ್ಲೂ ಹೃದಯಕ್ಕೆಂದು ರಕ್ತ ತೆಳುಮಾಡುವ ಮಾತ್ರೆ ತಿನ್ನುವವರಾದರೆ, ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಒಯ್ಯಬೇಕು. ಒಳಗಿನ ರಕ್ತಸ್ರಾವ ದಿನಗಳಾದ ಮೇಲೂ ಕಾಣಿಸಿಕೊಳ್ಳಬಹುದು. ಮಂಪರು, ವಾಂತಿ, ನಡಿಗೆ ತಪ್ಪುವುದು ಅದರ ಗುರುತು.

ಕಾನೂನು ಎಲ್ಲಿವರೆಗೆ?

ಹೊಡೆದವರ ಮೇಲೆ ಕೇಸ್ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಬುದ್ಧಿ ಸರಿ ಇದ್ದವರು ಬೇಕೆಂದೇ ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 115ನೇ ಕಲಂ ವಯಸ್ಸು ನೋಡುವುದಿಲ್ಲ. ಆದರೆ ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಎಂದು ತಿಳಿಯುವ ಸ್ಥಿತಿಯಲ್ಲೇ ಇಲ್ಲದವರ ಕೃತ್ಯ ಅಪರಾಧವಲ್ಲ ಎಂದು 22ನೇ ಕಲಂ ಹೇಳುತ್ತದೆ. ಹಾಗಿದ್ದರೂ ಗಾಯ ದೊಡ್ಡದಾದರೆ ಆಸ್ಪತ್ರೆಯಲ್ಲಿ ನಿಜ ಹೇಳಿ ಎಂಎಲ್‌ಸಿ ಮಾಡಿಸುವುದು ಒಳ್ಳೆಯದು. ಮುತ್ಯಾನನ್ನು ಜೈಲಿಗೆ ಕಳಿಸಲು ಅಲ್ಲ, ಆ ರಾತ್ರಿ ಅಲ್ಲಿ ಯಾರು ಡ್ಯೂಟಿಯಲ್ಲಿದ್ದರು, ಮೊದಲೇ ಗೊತ್ತಿತ್ತೋ ಇಲ್ಲವೋ ಎಂಬುದು ದಾಖಲೆಯಾಗಲು.

ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರ 19ನೇ ಕಲಂ ಪ್ರಕಾರ ಸರ್ಕಾರವು ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಬಡ ಹಿರಿಯರಿಗೆ ಜಾಗ ಇರುವ ವೃದ್ಧಾಶ್ರಮ ತೆರೆಯಬಹುದು. ಅಲ್ಲಿಯ ಸೇವೆಯ ಮಟ್ಟ ಏನಿರಬೇಕೆಂದು ನಿಯಮವನ್ನೂ ಮಾಡಬಹುದು. "ಬಹುದು" ಎಂಬುದರಲ್ಲೇ ಕಾಯ್ದೆಯ ಬಲ ಸೋರಿಹೋಗಿದೆ. ಕೇಂದ್ರದ ಅನುದಾನ ಯೋಜನೆಯಲ್ಲಿ 25 ಜನರ ಸಾಮಾನ್ಯ ಆಶ್ರಮ ಬೇರೆ, ಅಲ್ಜೈಮರ್ ಮತ್ತು ಡಿಮೆನ್ಷಿಯಾ ಇರುವವರ ನಿರಂತರ ಆರೈಕೆಯ ಮನೆ ಬೇರೆ ಎಂಬ ವಿಂಗಡಣೆ ಇದೆ. ಎರಡೂ ಥರದವರನ್ನು ಒಂದೇ ಹಾಲ್‌ನಲ್ಲಿ ಮಲಗಿಸಿದಾಗ ಏನಾಗುತ್ತದೆ ಎಂದು ಯೋಜನೆ ಬರೆದವರಿಗೆ ಗೊತ್ತಿತ್ತು ಅಂದಂತಾಯಿತು.

"ಕರಕೊಂಡು ಹೋಗ್ರಿ" ಎಂಬ ಫೋನ್ ಬಂದಾಗ ಕೆಲವು ಮಕ್ಕಳು ಫೋನನ್ನೇ ಬದಲಿಸುತ್ತಾರೆ. ಬಿಟ್ಟುಹೋಗುವುದಕ್ಕೆ ಅದೇ ಕಾಯ್ದೆಯ 24ನೇ ಕಲಂನಲ್ಲಿ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ, ನಮ್ಮದೇ ಜಿಲ್ಲೆಯ ಸೇಡಂ ಶಾಸಕ ಡಾ. ಶರಣಪ್ರಕಾಶ ಪಾಟೀಲ ಅವರು, ಬೆಳಗಾವಿಯ ಬಿಮ್ಸ್ ಆಸ್ಪತ್ರೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮಕ್ಕಳು ಬಿಟ್ಟುಹೋಗಿದ್ದಾರೆ ಎಂದು ಹೇಳಿ, ಇಂಥ ಪ್ರಕರಣಗಳಲ್ಲಿ ಉಪವಿಭಾಗಾಧಿಕಾರಿಗೆ ದೂರು ಕೊಡುವಂತೆ ವೈದ್ಯಕೀಯ ಸಂಸ್ಥೆಗಳಿಗೆ ಸೂಚಿಸಿದ್ದರು. ಪೋಷಣೆಗಾಗಿ ಹಿರಿಯರು ಅರ್ಜಿ ಹಾಕುವುದೂ ಉಪವಿಭಾಗಾಧಿಕಾರಿ ನಡೆಸುವ ನ್ಯಾಯಮಂಡಳಿಗೇ. ವಕೀಲರು ಬೇಕಿಲ್ಲ, ಸಾಮಾನ್ಯವಾಗಿ 90 ದಿನದೊಳಗೆ ತೀರ್ಮಾನವಾಗಬೇಕು.

ಆದರೆ ಎಲ್ಲ ಮನೆಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಹೊಡೆಯುವ ಅಪ್ಪನನ್ನು ರಾತ್ರೋರಾತ್ರಿ ಮನೆಗೆ ತಂದು, ಸಣ್ಣ ಮಕ್ಕಳಿರುವ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಒಂದು ಜಗಳಕ್ಕೆ ಹೊರಹಾಕುವ ಆಶ್ರಮ ತನ್ನ ಕಷ್ಟವನ್ನು ಆ ಮನೆಯ ಅಡುಗೆಮನೆಗೆ ಸಾಗಿಸುತ್ತದೆ ಅಷ್ಟೇ. ಹೊರಹಾಕುವ ಮೊದಲು ವೈದ್ಯರಿಗೆ ತೋರಿಸಿದ್ದೀರಾ, ಕೋಣೆ ಬದಲಿಸಿದ್ದೀರಾ, ಎಷ್ಟು ದಿನ ಸಮಯ ಕೊಡುತ್ತೀರಿ ಎಂದು ಸೇರಿಸುವ ದಿನವೇ ಕೇಳಿ, ಬರೆಸಿಕೊಳ್ಳುವುದು ಉತ್ತಮ.

ನೋಡಲು ಹೋಗುವುದಾದರೆ ಸಂಜೆ ಹೋಗ್ರಿ

ಆಶ್ರಮ ಹುಡುಕುವವರು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದಕ್ಕೆ ಹೋಗುತ್ತಾರೆ. ಆಗ ನೆಲ ಒರೆಸಿರುತ್ತದೆ, ಎಲ್ಲರೂ ಮಿಂದು ಕೂತಿರುತ್ತಾರೆ, ಮ್ಯಾನೇಜರ್ ಇರುತ್ತಾರೆ. ಸಂಜೆ ಆರರ ಮೇಲೆ ಹೋದರೆ ನಿಜ ಕಾಣುತ್ತದೆ. ಎಷ್ಟು ಮಂಚಕ್ಕೆ ಎಷ್ಟು ಮಂದಿ ಸಿಬ್ಬಂದಿ, ರಾತ್ರಿ ಎಚ್ಚರ ಇರುವವರು ಯಾರು, ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ ಇದೆಯೇ, ಅಲೆಯುವವರಿಗೆ ನಡೆದಾಡಲು ಅಂಗಳ ಇದೆಯೇ. ಕೊನೆಗೆ ಒಂದು ಪ್ರಶ್ನೆ ಕೇಳಬೇಕು: "ಇಲ್ಲಿ ಇದ್ದವರ ನಡುವ ಜಗಳ ಆದ್ರ ಏನ್ ಮಾಡ್ತೀರಿ?"

"ನಮ್ಮಲ್ಲಿ ಜಗಳನ ಆಗಂಗಿಲ್ರಿ" ಎಂದರೆ ಇನ್ನೊಂದು ಆಶ್ರಮ ನೋಡುವುದು ಲೇಸು. "ಆಗ್ತಾವ್ರಿ, ಹೋದ ವಾರನೂ ಆಗಿತ್ತು, ಅವರ ಮಂಚ ಬದಲಿ ಮಾಡಿದೆವು" ಎಂದವರು ಕೆಲಸ ಗೊತ್ತಿದ್ದವರು.

ಸೇರಿಸುವಾಗ ಒಂದು ಹಾಳೆಯಲ್ಲಿ ಬರೆದು ಕೊಡುವುದೂ ಅಷ್ಟೇ ಮುಖ್ಯ: ಎಷ್ಟಕ್ಕೆ ಏಳುತ್ತಾರೆ, ಏನು ಕೆಲಸ ಮಾಡಿದವರು, ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಯಾವ ಮಾತಿಗೆ ಸಿಟ್ಟು, ಯಾವುದಕ್ಕೆ ಸಮಾಧಾನ, ಮನೆಯಲ್ಲಿ ಯಾರ ಮೇಲೆ ಯಾವಾಗ ಕೈ ಮಾಡಿದ್ದರು. ಕನ್ನಡಕ, ಶ್ರವಣಯಂತ್ರ ಇದ್ದರೆ ಜೊತೆಗೇ ಹೋಗಲಿ, ಮನೆಯ ಕಪಾಟಿನಲ್ಲಿ ಉಳಿಯುವುದು ಬೇಡ. ಹಳೆಯ ಚಾದರವೂ ಹೋಗಲಿ. ಅದರ ವಾಸನೆ ಗುರುತು ಸಿಗುತ್ತದೆ.

ಹಿರಿಯರ ಮೇಲಿನ ಯಾವುದೇ ದೌರ್ಜನ್ಯ, ನಿರ್ಲಕ್ಷ್ಯದ ಬಗ್ಗೆ ಎಲ್ಡರ್‌ಲೈನ್ 14567ಕ್ಕೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಚಿತವಾಗಿ ಕರೆ ಮಾಡಬಹುದು. ಉದ್ರೇಕ, ನಿದ್ದೆಗೇಡು, ನೋಡಿಕೊಳ್ಳುವವರ ಸ್ವಂತ ಸುಸ್ತಿನ ಬಗ್ಗೆ ಟೆಲಿ ಮಾನಸ್ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು. ಗಾಯವಾಗಿ ತುರ್ತು ಇದ್ದರೆ 108 ಅಥವಾ 112. ಆಶ್ರಮದ ವಿರುದ್ಧದ ದೂರನ್ನು ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಲಿಖಿತವಾಗಿ ಕೊಡಬೇಕು. ಆಗ ಪೆಟ್ಟಿನ ಫೋಟೋ, ತಾರೀಖು, ಹೊತ್ತು, ಆಸ್ಪತ್ರೆ ಚೀಟಿ ಜೊತೆಗಿರಲಿ.